ಮಾರ್ಸೇಲ್ಸಿನಲ್ಲಿ ಒಂದು ಚಳಿಗಾಲ

ಫ್ರಾನ್ಸ್ ದೇಶದ ದಕ್ಷಿಣ ತೀರವೆಂದೊಡನೆ ನಮ್ಮಲ್ಲಿ ಅನೇಕರಿಗೆ ಎಳೆಬಿಸಿಲೂ ನೀಲಿಯ ಕಡಲೂ ನೆನಪಿಗೆ ಬರುವುದುಂಟು. ಅವೆರಡೂ ಅಲ್ಲಿರುವುದು ನಿಜವೇ. ಮಾರ್ಸೇಲ್ಸ್ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು ೨,೮೦೦ ಗಂಟೆಗಳಷ್ಟು ಬಿಸಿಲು ಕಾಯುವುದೆಂದು ಲೆಕ್ಕವಿದೆ. ಆದರೆ ಚಳಿಗಾಲದಲ್ಲಿ ಆ ಬಿಸಿಲು ಕಣ್ಣಿಗೆ ಹಬ್ಬವೇ ಹೊರತು ಮೈಗೆ ಆಸರೆಯಾಗುವಂತಹದಲ್ಲ. ಅದಕ್ಕೆ ಕಾರಣ ಮಿಸ್ತ್ರಾಲ್ ಎಂಬ ಗಾಳಿ. ಒಂದು ಕಡೆ ಆಲ್ಪ್ಸ್ ಪರ್ವತಗಳು, ಇನ್ನೊಂದು ಕಡೆ ಮಧ್ಯ ಫ್ರಾನ್ಸಿನ ಬೆಟ್ಟದ ಸೀಮೆ, ಇವೆರಡರ ನಡುವೆ ರೋನ್ ನದಿಯ ಕಣಿವೆ. ಉತ್ತರದ ತಣ್ಣನೆಯ ಗಾಳಿಯು ಆ ಕಣಿವೆಯೆಂಬ ಓಣಿಯಲ್ಲಿ ನುಗ್ಗಿ ಬಂದು ಕಡಲಿನ ಕಡೆಗೆ ಹರಿಯುತ್ತದೆ. ಇದು ಬೀಸಿದಾಗ ಆಕಾಶದಲ್ಲಿ ಒಂದು ಮೋಡವೂ ನಿಲ್ಲುವುದಿಲ್ಲ. ಕಿಟಕಿಯೊಳಗಿನಿಂದ ನೋಡಿದವರಿಗೆ ನಮ್ಮ ಮಾಘಮಾಸದ ಹಗಲಿನಂತೆ ಕಾಣುವ ದಿನದಲ್ಲಿಯೇ ಹೊರಗೆ ಹೆಜ್ಜೆಯಿಟ್ಟವರ ಕಿವಿಗಳು ಸೆಟೆದುಹೋಗುತ್ತವೆ. ಈ ಗಾಳಿಯು ಎದ್ದರೆ ಮೂರು ದಿನ, ಇಲ್ಲವೆ ಆರು ದಿನ, ಇಲ್ಲವೆ ಒಂಬತ್ತು ದಿನ ಬೀಸುವುದೆಂದು ಅಲ್ಲಿಯ ಹಳಬರ ಎಣಿಕೆ. ಅಲ್ಲಿಯ ಹಳೆಯ ತೋಟದ ಮನೆಗಳಿಗೆ ಉತ್ತರದ ಗೋಡೆಯಲ್ಲಿ ಕಿಟಕಿಗಳನ್ನೇ ಇಡುತ್ತಿರಲಿಲ್ಲವಂತೆ.

ಇಂತಹ ಗಾಳಿಯ ಊರಿಗೆ ಅರುವತ್ತೆಂಟು ವರ್ಷ ವಯಸ್ಸಿನ ಹೆಂಗಸು ಚಳಿಗಾಲದಲ್ಲಿಯೇ ಏಕೆ ಹೋಗಬೇಕಾಯಿತೆಂದು ಸೋದರಿಯರು ಕೇಳಬಹುದು. ನನ್ನ ಒಬ್ಬಳೇ ಮಗಳೂ ಅಳಿಯಂದಿರೂ ಅಲ್ಲಿ ಉದ್ಯೋಗದಲ್ಲಿದ್ದಾರೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮೈಸೂರಿನ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಹೋದ ಮಳೆಗಾಲದಲ್ಲಿ ಹಿತ್ತಲ ಬಾವಿಕಟ್ಟೆಯ ಬಳಿ ಕಾಲು ಜಾರಿ ಬಿದ್ದು, ಹಾಲಿನವಳು ಬರುವವರೆಗೆ ಮುಕ್ಕಾಲು ಗಂಟೆಯ ಹೊತ್ತು ಮಳೆಯಲ್ಲಿಯೇ ಮಲಗಿದ್ದೆನು. ಕಣಕಾಲಿನ ಮೂಳೆ ಬಿರುಕುಬಿಟ್ಟಿದ್ದಿತು. ಅದು ಆರು ವಾರಗಳಲ್ಲಿ ಕೂಡಿಕೊಂಡಿತಾದರೂ ಮಗಳ ಮನಸ್ಸಿಗೆ ಹತ್ತಿದ ಭಯವು ಹೋಗಲಿಲ್ಲ. "ಅಮ್ಮ, ಆ ಮನೆಯನ್ನು ಕೊಟ್ಟುಬಿಟ್ಟು ನಮ್ಮ ಜೊತೆಗೇ ಬಂದು ಇದ್ದುಬಿಡು" ಎಂದು ದಿನವೂ ದೂರವಾಣಿಯಲ್ಲಿ ಹೇಳತೊಡಗಿದಳು. ಮನೆಗೆ ಒಳ್ಳೆಯ ಬೆಲೆ ಕೊಡುವವರೂ ಬಂದರು. ಕೊನೆಗೆ ನಮ್ಮೊಳಗೆ ಒಂದು ಒಪ್ಪಂದವಾಯಿತು: ಮೊದಲು ಒಂದು ಚಳಿಗಾಲ ಅಲ್ಲಿದ್ದು ನೋಡುವುದು, ಹಿಂದಿರುಗುವ ಮೊದಲು ಮಾರುವುದೋ ಬಿಡುವುದೋ ಎಂಬುದನ್ನು ಹೇಳುವುದು. ಪ್ರವಾಸಿಗಳಾಗಿ ಹೋದವರಿಗೆ ಆ ದೇಶದವರು ನೂರ ಎಂಬತ್ತು ದಿನಗಳಲ್ಲಿ ತೊಂಬತ್ತು ದಿನಗಳಿಗಿಂತ ಹೆಚ್ಚು ಇರಗೊಡುವುದಿಲ್ಲ. ಆದಕಾರಣ ನವೆಂಬರ್ ತಿಂಗಳ ಕೊನೆಯಲ್ಲಿ ಹೊರಟು ಫೆಬ್ರವರಿಯ ನಡುವೆ ಮರಳುವುದೆಂದು ಗೊತ್ತಾಯಿತು.

ಮಾರ್ಸೇಲ್ಸ್ ಬಹು ಹಳೆಯ ಪಟ್ಟಣ. ಕ್ರಿಸ್ತಪೂರ್ವ ೬೦೦ರ ಸುಮಾರಿನಲ್ಲಿ ಏಷ್ಯಾ ಮೈನರ್ ತೀರದ ಫೋಕಿಯಾ ಎಂಬ ಊರಿನಿಂದ ಬಂದ ಗ್ರೀಕ್ ನಾವಿಕರು ಇದನ್ನು ಕಟ್ಟಿದರು. ಇದರ ಹುಟ್ಟಿನ ಬಗ್ಗೆ ಅವರಲ್ಲಿ ಒಂದು ಕಥೆಯುಂಟು. ಅದನ್ನು ಕೇಳಿದಾಗ ನಮ್ಮ ಪುರಾಣದ್ದೇ ಒಂದು ತುಣುಕೆಂದು ನನಗೆ ತೋರಿತು. ಆ ನಾಡಿನ ಒಡೆಯನು ತನ್ನ ಮಗಳು ಗಿಪ್ತಿಸಳಿಗೆ ವರನನ್ನು ಆರಿಸುವುದಕ್ಕಾಗಿ ಔತಣವನ್ನು ಏರ್ಪಡಿಸಿದ್ದನಂತೆ. ಔತಣದ ಕೊನೆಯಲ್ಲಿ ಕನ್ಯೆಯು ಯಾರ ಕೈಗೆ ಬಟ್ಟಲನ್ನು ಕೊಡುವಳೋ ಅವನೇ ಗಂಡನು. ಅದೇ ದಿನ ಹಡಗಿನಿಂದ ಇಳಿದ ಪ್ರೋತಿಸ್ ಎಂಬ ಗ್ರೀಕ್ ತರುಣನೂ ಅತಿಥಿಯಾಗಿ ಬಂದು ಕುಳಿತಿದ್ದನು. ಹುಡುಗಿಯು ನೆರೆದಿದ್ದ ತನ್ನವರನ್ನೆಲ್ಲ ದಾಟಿ ಹೋಗಿ ಆ ಪರದೇಶಿಯ ಕೈಗೆ ಬಟ್ಟಲನ್ನಿತ್ತಳು. ತಂದೆಯು ಮಾತಿಗೆ ತಪ್ಪದೆ ಕಡಲಂಚಿನ ಭೂಮಿಯನ್ನು ಅವರಿಗೆ ಕೊಟ್ಟನು. ಅಲ್ಲಿಯೇ ಊರು ಬೆಳೆಯಿತು. ನಮ್ಮ ಸ್ವಯಂವರದಲ್ಲಿ ಹೂಮಾಲೆ, ಅವರದರಲ್ಲಿ ಬಟ್ಟಲು; ಅಷ್ಟೇ ಭೇದ. ಹೆಣ್ಣೊಬ್ಬಳು ದೂರದವರನ್ನು ತನ್ನವರೆಂದು ಆರಿಸಿಕೊಂಡುದರಿಂದ ಹುಟ್ಟಿದ ಊರಿನಲ್ಲಿ ನನ್ನ ಮಗಳು ಮನೆಮಾಡಿಕೊಂಡಿರುವುದು ನನಗೆ ಸಮಾಧಾನದ ವಿಷಯವಾಗಿ ಕಂಡಿತು. ಆದರೆ ಆ ಕಥೆಯಲ್ಲಿ ಗಿಪ್ತಿಸಳ ತಾಯಿಯ ಸುದ್ದಿಯೇ ಬರುವುದಿಲ್ಲವೆಂಬುದನ್ನೂ ನಾನು ಗಮನಿಸದೆ ಇರಲಿಲ್ಲ.

ಮಗಳ ಮನೆಯು ಹಳೆಯ ಕಟ್ಟಡವೊಂದರ ನಾಲ್ಕನೆಯ ಅಂತಸ್ತಿನಲ್ಲಿದೆ. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಬೆಳಗಾಗುವುದು ಎಂಟು ಗಂಟೆಗೆ. ಸಂಜೆ ಐದು ಗಂಟೆ ಕಳೆಯುತ್ತಲೇ ಸೂರ್ಯನು ಮುಳುಗಿಬಿಡುತ್ತಾನೆ. ಇಷ್ಟು ಚಿಕ್ಕ ಹಗಲಿನಲ್ಲಿ ಸ್ನಾನ, ಜಪ, ಅಡಿಗೆಗಳನ್ನು ಮುಗಿಸಿ ಹನ್ನೊಂದು ಗಂಟೆಗೆ ಹೊರಟು ಹಳೆಯ ಬಂದರಿನ ಬಿಸಿಲಿನಲ್ಲಿ ಕುಳಿತುಬರುವುದು ನನ್ನ ವಾಡಿಕೆಯಾಯಿತು. ಅಲ್ಲಿ ಬೆಳಗಿನ ಹೊತ್ತು ಬೆಸ್ತರ ಹೆಂಗಸರು ಮೀನನ್ನು ಮಾರುತ್ತಾರೆ. ಆ ವಾಸನೆಯು ನನಗೆ ಒಗ್ಗದಾದುದರಿಂದ ಗಾಳಿಯ ದಿಕ್ಕನ್ನು ನೋಡಿಕೊಂಡು ಕುಳಿತುಕೊಳ್ಳುತ್ತಿದ್ದೆನು. ಆದರೂ ಅವರು ಗಿರಾಕಿಗಳೊಡನೆ ನಡೆಸುವ ಗಟ್ಟಿ ದನಿಯ ಜಗಳವನ್ನು ಕೇಳುತ್ತಿದ್ದರೆ ನಮ್ಮ ದೇವರಾಜ ಮಾರುಕಟ್ಟೆಯಲ್ಲಿಯೇ ಇರುವಂತೆ ಮನಸ್ಸಿಗೆ ಹಿತವಾಗುತ್ತಿದ್ದಿತು. ಭಾಷೆ ತಿಳಿಯದಿದ್ದರೂ ಚೌಕಾಸಿಯು ತಿಳಿಯುತ್ತದೆ. ಅಂಗಡಿಗೆ ಕಾಲಿಟ್ಟೊಡನೆ 'ಬೊಂಜೂರ್' ಎಂದು ಮೊದಲು ನಮಸ್ಕಾರ ಹೇಳಬೇಕು. ಹೇಳದೆ ಸಾಮಾನು ಕೇಳಿದವರನ್ನು ಅಲ್ಲಿ ಒರಟರೆಂದು ಎಣಿಸುತ್ತಾರೆ. ಈ ಒಂದು ಮಾತಿನಿಂದಲೇ ನನ್ನ ಮುಕ್ಕಾಲು ವ್ಯಾಪಾರವೆಲ್ಲ ನಡೆಯಿತು.

ಊಟದ ಚಿಂತೆಯೂ ಅಂಜಿದಷ್ಟು ಕಷ್ಟವಾಗಲಿಲ್ಲ. ನೊಯಾಯ್ ಎಂಬ ಬೀದಿಯ ಸಂತೆಯಲ್ಲಿ ಉತ್ತರ ಆಫ್ರಿಕದವರು, ಕೊಮೊರೋ ದ್ವೀಪದವರು ಮೊದಲಾದವರ ಅಂಗಡಿಗಳಿವೆ. ಕೊತ್ತಂಬರಿ ಸೊಪ್ಪು, ಬೆಂಡೆಕಾಯಿ, ಹಲವು ಬಗೆಯ ಬೇಳೆಗಳು, ಜೀರಿಗೆ, ಮೆಣಸು ಎಲ್ಲವೂ ದೊರೆಯುತ್ತವೆ. ಪಾನಿಸ್ ಎಂಬ ಅಲ್ಲಿಯ ತಿಂಡಿಯು ನಮ್ಮವರು ಯಾರಾದರೂ ತಿನ್ನಬಹುದಾದುದು. ಕಡಲೆಹಿಟ್ಟನ್ನು ನೀರಿನಲ್ಲಿ ಕದಡಿ ಉಪ್ಪು, ಎಣ್ಣೆ ಹಾಕಿ ಗಟ್ಟಿಯಾಗಿ ಕಾಯಿಸಿ, ಆರಿದ ಮೇಲೆ ಬಿಲ್ಲೆಗಳಾಗಿ ಕೊಯ್ದು ಎಣ್ಣೆಯಲ್ಲಿ ಕರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಕಾಯಿಸುವಾಗಲೇ ಒಂದು ಚಿಟಿಕೆ ಇಂಗನ್ನೂ ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿಯನ್ನೂ ಸೇರಿಸಿದರೆ ಇನ್ನೂ ರುಚಿಯಾಗುವುದೆಂದು ನಾನು ಮನೆಯಲ್ಲಿ ಮಾಡಿ ಕಂಡುಕೊಂಡೆನು.

ಒಂದು ದಿನ ಗಾಳಿಯಿಲ್ಲದಾಗ ಅಳಿಯಂದಿರು ನನ್ನನ್ನು ಊರಿನ ನಡುವಣ ಬೆಟ್ಟದ ದೇವಾಲಯಕ್ಕೆ ಕರೆದುಕೊಂಡು ಹೋದರು. ಸುಮಾರು ನೂರೈವತ್ತು ಮೀಟರ್ ಎತ್ತರದ ಆ ಬೆಟ್ಟದ ಮೇಲೆ ೧೮೬೪ರಲ್ಲಿ ಪ್ರತಿಷ್ಠೆಯಾದ ಮೇರಿ ತಾಯಿಯ ಗುಡಿಯಿದೆ. ಗೋಪುರದ ತುದಿಯಲ್ಲಿ ಮಗುವನ್ನೆತ್ತಿಕೊಂಡು ನಿಂತ, ಹನ್ನೊಂದು ಮೀಟರಿಗೂ ಮಿಗಿಲಾದ ತಾಮ್ರದ ವಿಗ್ರಹಕ್ಕೆ ಚಿನ್ನದ ಮುಲಾಮು ಹಾಕಿದ್ದಾರೆ. ಊರವರು ಆಕೆಯನ್ನು 'ಒಳ್ಳೆಯ ತಾಯಿ' ಎಂದಷ್ಟೇ ಕರೆಯುತ್ತಾರೆ; ಮೈಸೂರಿನವರಿಗೆ ಚಾಮುಂಡಿ ಹೇಗೋ ಹಾಗೆ. ಒಳಗೆ ಚಾವಣಿಯಿಂದ ಚಿಕ್ಕ ಚಿಕ್ಕ ಹಡಗುಗಳನ್ನು ತೂಗುಬಿಟ್ಟಿದ್ದಾರೆ. ಕಡಲಿನಲ್ಲಿ ಉಳಿದು ಬಂದವರು ಸಲ್ಲಿಸಿದ ಹರಕೆಗಳು ಅವು.

ಅಲ್ಲಿಂದ ಕೆಳಗೆ ನೋಡಿದರೆ ಊರೆಲ್ಲ ಕೆಂಪು ಹೆಂಚು. ಹಳೆಯ ಮನೆಗಳ ಮೇಲೆ ನಮ್ಮ ನಾಡಹೆಂಚಿನಂತಹ ಅರೆಗೊಳವೆಯವು. ಅವುಗಳ ನಡುನಡುವೆ ಚಪ್ಪಟೆಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುವಂತಹವು. ಈ ಎರಡನೆಯ ಬಗೆಯನ್ನು ಕಂಡು ನಾನು ತಟ್ಟನೆ ನಿಂತೆನು. ಅವು ನಮ್ಮ ಮನೆಯ ಮಾಡಿನ ಮಂಗಳೂರು ಹೆಂಚುಗಳ ಹಾಗೆಯೇ ಇದ್ದವು. ವಿಚಾರಿಸಿದಾಗ ಇದರಲ್ಲಿ ಅಚ್ಚರಿಯೇನೂ ಇಲ್ಲವೆಂದು ತಿಳಿಯಿತು. ಇಂತಹ ಕಚ್ಚುಹೆಂಚಿಗೆ ೧೮೪೧ರಲ್ಲಿ ಆಲ್ಸೇಸ್ ಸೀಮೆಯ ಗಿಲಾರ್ದೋನಿ ಸಹೋದರರು ಹಕ್ಕುಪತ್ರ ಪಡೆದರು. ಮಾರ್ಸೇಲ್ಸಿನ ಉತ್ತರದ ಸೇಂಟ್ ಹೆನ್ರಿ ಮೊದಲಾದ ಹಳ್ಳಿಗಳಲ್ಲಿ ಒಳ್ಳೆಯ ಜೇಡಿಮಣ್ಣು ಇದ್ದುದರಿಂದ ಅಲ್ಲಿ ದೊಡ್ಡ ಕಾರ್ಖಾನೆಗಳೆದ್ದು ಈ ಹೆಂಚು ಹಡಗುಗಳಲ್ಲಿ ಲೋಕವನ್ನೆಲ್ಲ ಸುತ್ತಿತು. ನಮ್ಮಲ್ಲಿ ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ತೀರದ ಮಣ್ಣಿನಿಂದ ಅದೇ ಮಾದರಿಯ ಹೆಂಚನ್ನು ಸುಡಿಸಿದರು. ಹಾಗೆಯೇ ಪುದುಚೇರಿಯಿಂದ ಹಡಗೇರಿದ ನಮ್ಮ ದಕ್ಷಿಣದ ಕಡಲೆಕಾಯಿಯು ಒಂದು ಕಾಲದಲ್ಲಿ ಈ ಊರಿನ ಗಾಣಗಳಲ್ಲಿ ಎಣ್ಣೆಯಾಗಿ, ಇಲ್ಲಿಯ ಹೆಸರಾಂತ ಸಾಬೂನಿಗೆ ಸೇರುತ್ತಿದ್ದಿತು. ನಾವು ಯಾವುದನ್ನು ತೀರ ಪರದೇಶವೆಂದುಕೊಳ್ಳುತ್ತೇವೆಯೋ ಅದು ನಮ್ಮ ತಲೆಯ ಮೇಲಿನ ಸೂರಿನಲ್ಲಿಯೂ ಕೈ ತೊಳೆಯುವ ಸಾಬೂನಿನಲ್ಲಿಯೂ ಬಹು ಹಿಂದೆಯೇ ಬೆರೆತುಹೋಗಿರುತ್ತದೆ. ಆದರೆ ಆ ಹೆಂಚುಗಳನ್ನು ಕಂಡಾಗ ನನ್ನ ಮನೆಯ ನೆನಪು ಹೆಚ್ಚಾಯಿತೇ ಹೊರತು ಕಡಮೆಯಾಗಲಿಲ್ಲ.

ಗೃಹಿಣಿಯರಿಗೆ ನಾನು ವಿಶೇಷವಾಗಿ ತಿಳಿಸಬೇಕೆಂದಿರುವುದು ಅಲ್ಲಿಯ ಗೊಂಬೆಗಳ ವಿಷಯವನ್ನು. ಡಿಸೆಂಬರ್ ೪ನೆಯ ತಾರೀಖು ಬಾರ್ಬರಾ ಎಂಬ ಸಾಧ್ವಿಯ ದಿನ. ಅಂದು ಮನೆಮನೆಗಳಲ್ಲಿ ಮೂರು ಚಿಕ್ಕ ತಟ್ಟೆಗಳಲ್ಲಿ ಒದ್ದೆಯ ಹತ್ತಿಯನ್ನು ಹರಡಿ ಗೋಧಿಯನ್ನು ಬಿತ್ತುತ್ತಾರೆ. ಕ್ರಿಸ್ಮಸ್ ಹಬ್ಬದ ವೇಳೆಗೆ ಪೈರು ಹಸುರಾಗಿ ನೆಟ್ಟಗೆ ನಿಂತರೆ ಬರುವ ವರ್ಷ ಸುಭಿಕ್ಷವೆಂದು ನಂಬಿಕೆ. ನಮ್ಮ ಶುಭಕಾರ್ಯಗಳ ಅಂಕುರಾರ್ಪಣವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಯೇಸುವಿನ ಜನನದ ದೃಶ್ಯವನ್ನು ಮಣ್ಣಿನ ಗೊಂಬೆಗಳಲ್ಲಿ ಜೋಡಿಸುತ್ತಾರೆ. ಈ ಗೊಂಬೆಗಳಿಗೆ 'ಸಾಂತೋನ್' ಎಂದು ಹೆಸರು. ಅಲ್ಲಿಯ ದೇಶಭಾಷೆಯಲ್ಲಿ 'ಪುಟ್ಟ ಸಾಧು' ಎಂದರ್ಥ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಇಗರ್ಜಿಗಳಿಗೆ ಬೀಗ ಬಿದ್ದಾಗ ಜನರು ಆ ದೃಶ್ಯವನ್ನು ತಮ್ಮ ತಮ್ಮ ಮನೆಗಳೊಳಗೆ ಕೂರಿಸತೊಡಗಿದರು. ಲಾಞೆಲ್ ಎಂಬ ಮಾರ್ಸೇಲ್ಸಿನ ಕುಶಲಿಯು ಅಚ್ಚಿನಲ್ಲಿ ಒತ್ತಿ ತೆಗೆಯುವ ಉಪಾಯವನ್ನು ರೂಢಿಗೆ ತಂದುದರಿಂದ ಬಡವರಿಗೂ ಕೊಳ್ಳುವ ಬೆಲೆಗೆ ಗೊಂಬೆಗಳು ದೊರೆತವು. ೧೮೦೩ರಲ್ಲಿ ಮೊದಲಾದ ಗೊಂಬೆಗಳ ಜಾತ್ರೆಯು ಇಂದಿಗೂ ಪ್ರತಿ ಚಳಿಗಾಲದಲ್ಲಿ ನಡೆಯುತ್ತದೆ.

ಇದರ ಸೊಗಸೆಂದರೆ ದೇವಶಿಶುವಿನ ಸುತ್ತ ಅರಸರು, ದೇವದೂತರು ಮಾತ್ರವೇ ಅಲ್ಲದೆ ಊರಿಗೆ ಊರೇ ನೆರೆದಿರುತ್ತದೆ. ಹಿಟ್ಟಿನ ಗಿರಣಿಯವನು, ಚಾಕುವಿಗೆ ಸಾಣೆ ಹಿಡಿಯುವವನು, ನೀರು ಹೊರುವವಳು, ಮೀನು ಮಾರುವವಳು, ಕುರುಡನೂ ಅವನ ಕೈ ಹಿಡಿದ ಮಗನೂ ತಮ್ಮ ತಮ್ಮ ಕಾಣಿಕೆಗಳೊಡನೆ ಬರುತ್ತಾರೆ. ಅವರಲ್ಲಿ 'ರವೀ' ಎಂಬ ಬೆಪ್ಪನೊಬ್ಬನುಂಟು. ಅವನ ಬಳಿ ಕಾಣಿಕೆಯಿಲ್ಲ. ಎರಡು ಕೈಗಳನ್ನೂ ಮೇಲೆತ್ತಿಕೊಂಡು ಸಂತೋಷದಿಂದ ಬೆರಗಾಗಿ ನಿಂತಿರುತ್ತಾನೆ. ಅದೇ ಅವನ ಕಾಣಿಕೆ. ನವರಾತ್ರಿಯಲ್ಲಿ ಹಂತ ಕಟ್ಟಿ ಗೊಂಬೆ ಕೂರಿಸಿ, ಕೋಮಟಿ ಶೆಟ್ಟಿಯ ಮುಂದೆ ಅಕ್ಕಿ ಬೇಳೆಗಳ ಅಂಗಡಿಯಿಟ್ಟು ಬೆಳೆದ ನನಗೆ ಇವರೆಲ್ಲರೂ ನೆಂಟರಾಗಿ ಕಂಡರು. ಮಗಳಿಗೆ ತಿಳಿಯದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಮೈಸೂರಿನಿಂದ ಹೊರಡುವಾಗ ನನ್ನ ಮದುವೆಯಲ್ಲಿ ತಾಯಿಯವರು ಕೊಟ್ಟಿದ್ದ ಪಟ್ಟದ ಗೊಂಬೆಗಳ ಜೋಡಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಬಂದಿದ್ದೆನು. ಏಕೆ ತಂದೆನೆಂಬುದು ಆಗ ನನಗೂ ಸ್ಪಷ್ಟವಾಗಿರಲಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಕೆಳಗಿನ ಅಂತಸ್ತಿನಲ್ಲಿರುವ ವೃದ್ಧೆಯೊಬ್ಬರು ನಮ್ಮನ್ನು ಊಟಕ್ಕೆ ಕರೆದರು. ಮೇಜಿನ ಮೇಲೆ ಒಂದರ ಮೇಲೊಂದು ಮೂರು ಬಿಳಿಯ ವಸ್ತ್ರಗಳನ್ನು ಹಾಸಿ, ಮೂರು ಬತ್ತಿಗಳನ್ನು ಹೊತ್ತಿಸಿ, ಗೋಧಿಯ ಪೈರನ್ನು ನಡುವೆ ಇಟ್ಟಿದ್ದರು. ಊಟದ ಕೊನೆಗೆ ಹದಿಮೂರು ಬಗೆಯ ಸಿಹಿಗಳನ್ನು ಇಡುವುದು ಅಲ್ಲಿಯ ಸಂಪ್ರದಾಯ. ಹದಿಮೂರೆಂದರೆ ಹೆದರಬೇಕಾಗಿಲ್ಲ; ಅಂಜೂರ, ಬಾದಾಮಿ, ದ್ರಾಕ್ಷಿ, ಅಕ್ರೋಟು, ಖರ್ಜೂರ, ಕಿತ್ತಳೆ ಇವೆಲ್ಲವೂ ಆ ಎಣಿಕೆಯಲ್ಲಿಯೇ ಸೇರುತ್ತವೆ. ಆಲಿವ್ ಎಣ್ಣೆಯಲ್ಲಿ ನಾದಿ ಕಿತ್ತಳೆ ಹೂವಿನ ಪರಿಮಳ ಸೇರಿಸಿದ ಸಿಹಿರೊಟ್ಟಿಯೂ ಒಂದು. ಅದನ್ನು ಚಾಕುವಿನಿಂದ ಕೊಯ್ಯದೆ ಕೈಯಿಂದಲೇ ಮುರಿಯಬೇಕಂತೆ. ಮೇಜಿನಲ್ಲಿ ಒಂದು ತಟ್ಟೆ ಬರಿದಾಗಿಯೇ ಇದ್ದಿತು. ಇನ್ನಾರು ಬರುವರೆಂದು ನಾನು ಮಗಳ ಮೂಲಕ ಕೇಳಿದೆನು. ಅದು ಬಾಗಿಲಿಗೆ ಬರಬಹುದಾದ ಬಡವನಿಗೆಂದು ಆಕೆಯು ಹೇಳಿದರು.

ಆ ವೃದ್ಧೆಯ ಗೊಂಬೆಗಳ ನಡುವೆ ಬಣ್ಣವೆಲ್ಲ ಹೋಗಿ ಕಿವಿ ಮುರಿದ ಕುರಿಯೊಂದಿದ್ದಿತು. ಅದರ ಕಥೆಯನ್ನು ಆಕೆಯು ಹೇಳಿದುದನ್ನು ನಾನು ಮರೆಯಲಾರೆನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಹಿಡಿದಿದ್ದಾಗ, ೧೯೪೩ನೆಯ ಜನವರಿಯಲ್ಲಿ, ಹಳೆಯ ಬಂದರಿನ ಉತ್ತರದ ಬೀದಿಗಳನ್ನು ಸೈನಿಕರೂ ಪೋಲೀಸಿನವರೂ ಸುತ್ತುವರಿದರು. ಸುಮಾರು ೨೦,೦೦೦ ಜನರನ್ನು ಮನೆಗಳಿಂದ ಹೊರಡಿಸಿದರು. ಅನೇಕರನ್ನು ರೈಲುಗಳಲ್ಲಿ ತುಂಬಿ ಫ್ರೇಜೂಸಿನ ಶಿಬಿರಕ್ಕೆ ಸಾಗಿಸಿದರು. ಆ ದಿನಗಳಲ್ಲಿಯೇ ಹಿಡಿದ ನೂರಾರು ಯೆಹೂದ್ಯರನ್ನು ಪೋಲೆಂಡಿನ ಸೋಬಿಬೋರ್ ಎಂಬ ವಧಾಸ್ಥಾನಕ್ಕೆ ಕಳುಹಿಸಿದರು, ಅವರು ಮರಳಲಿಲ್ಲ. ಫೆಬ್ರವರಿ ಮೊದಲಾಗುತ್ತಲೇ ಬರಿದಾದ ಬೀದಿಗಳಿಗೆ ಸಿಡಿಮದ್ದನ್ನಿಟ್ಟು ಸುಮಾರು ೧,೫೦೦ ಕಟ್ಟಡಗಳನ್ನು ನೆಲಸಮ ಮಾಡಿದರು. ಈ ನಾಡಿನಲ್ಲಿ ಗೊಂಬೆಗಳನ್ನು ಫೆಬ್ರವರಿ ೨ರವರೆಗೆ ತೆಗೆಯುವ ವಾಡಿಕೆಯಿಲ್ಲ. ಆದ್ದರಿಂದ ಆ ಬೆಳಗ್ಗೆ ಮನೆಮನೆಗಳಲ್ಲಿ ಗೊಂಬೆಗಳು ಕುಳಿತೇ ಇದ್ದವು. ಆಗ ಐದು ವರ್ಷದವರಾಗಿದ್ದ ಈಕೆಯು ಕುರಿಯನ್ನು ಹಿಡಿದು ಆಡುತ್ತಿದ್ದರು. ತಾಯಿಯು ಎತ್ತಿಕೊಂಡು ಹೊರಟಾಗ ಅದು ಮುಷ್ಟಿಯಲ್ಲಿಯೇ ಉಳಿಯಿತು. ಮನೆಯಿಂದ ಬಂದುದು ಅದೊಂದೇ. "ಅಮ್ಮನು ಸಾಯುವವರೆಗೂ ಒಲೆಯ ಮೇಲೆ ಬಿಟ್ಟುಬಂದ ಹಾಲಿನ ವಿಷಯವನ್ನು ಹೇಳುತ್ತಿದ್ದಳು" ಎಂದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮನೆಯಿಂದ ಹೊರಡಿಸಲ್ಪಟ್ಟವರ ದುಃಖವೇ ಬೇರೆ; ನನ್ನನ್ನು ಯಾರೂ ಹೊರಡಿಸುತ್ತಿರಲಿಲ್ಲ. ಇರುವುದೋ ಬಿಡುವುದೋ ಎಂಬುದನ್ನು ಕೂತು ಯೋಚಿಸುವಷ್ಟು ಕಾಲಾವಕಾಶವು ನನಗೆ ದೊರೆತಿದ್ದಿತು. ಅದೇ ಒಂದು ಭಾಗ್ಯವೆಂದು ತಿಳಿದು ಸರಿಯಾಗಿಯೇ ಯೋಚಿಸಬೇಕೆಂದು ನಿಶ್ಚಯಿಸಿಕೊಂಡೆನು.

ಇರಬೇಕೆನ್ನುವ ಪಕ್ಷದಲ್ಲಿ ಬಲವಾದ ಮಾತು ಒಂದೇ, ಅದು ನನ್ನ ಮೊಮ್ಮಗಳು. ಆರು ವರ್ಷದ ಕೂಸು. ನಾನು ಹೋದಾಗ ಕನ್ನಡದಲ್ಲಿ ಹೇಳಿದುದನ್ನು ತಿಳಿದುಕೊಂಡು ಫ್ರೆಂಚಿನಲ್ಲಿ ಉತ್ತರ ಕೊಡುತ್ತಿದ್ದಳು. ಜನವರಿಯ ಮೊದಲ ವಾರದಲ್ಲಿ ಮೂವರು ಅರಸರ ಹಬ್ಬ ಬಂದಿತು. ಬಳೆಯಂತೆ ದುಂಡಗಿರುವ ಸಿಹಿರೊಟ್ಟಿಯೊಳಗೆ ಪುಟ್ಟ ಗೊಂಬೆಯೊಂದನ್ನು ಅಡಗಿಸಿಟ್ಟು ಹೋಳುಮಾಡುತ್ತಾರೆ; ಯಾರ ಪಾಲಿಗೆ ಗೊಂಬೆ ಬರುವುದೋ ಅವರು ಅಂದು ಅರಸರು. ಪಕ್ಷಪಾತವಾಗಬಾರದೆಂದು ಮನೆಯ ಅತ್ಯಂತ ಕಿರಿಯ ಮಗುವು ಮೇಜಿನ ಕೆಳಗೆ ಕುಳಿತು ಯಾವ ಹೋಳು ಯಾರಿಗೆಂದು ಕೂಗಿ ಹೇಳಬೇಕು. ನಮ್ಮ ಹುಡುಗಿಯು ಕೆಳಗಿನಿಂದ "ಇದು ಅಜ್ಜಿಗೆ, ಆಮೇಲಿನದು ಅಮ್ಮನಿಗೆ, ದೊಡ್ಡದು ಯಾವುದೋ ಅದು ನನಗೆ" ಎಂದು ಅಚ್ಚ ಕನ್ನಡದಲ್ಲಿ ಕೂಗಿದಳು. ಆ ರೊಟ್ಟಿಗೆ ಮೊಟ್ಟೆ ಹಾಕಿರುವುದರಿಂದ ನಾನು ತಿನ್ನಲಿಲ್ಲ. ಆದರೆ ಗೊಂಬೆಯು ನನ್ನ ಹೋಳಿನಲ್ಲಿಯೇ ಸಿಕ್ಕಿತು. ಕಾಗದದ ಕಿರೀಟವನ್ನೂ ಇಟ್ಟುಕೊಳ್ಳಬೇಕಾಯಿತು. ನನ್ನ ಮಗಳು ಬಾಗಿಲ ಕಡೆಗೆ ಮುಖ ತಿರುಗಿಸಿಕೊಂಡು ಕಣ್ಣೊರಸಿಕೊಂಡುದನ್ನು ಕಂಡೆನು. ಆರು ವಾರಗಳಲ್ಲಿ ಮಗುವಿನ ಬಾಯಿಗೆ ಬಂದ ಈ ಮಾತು ನಾನು ಹೋದರೆ ನಿಲ್ಲುವುದೇ? ಈ ಪ್ರಶ್ನೆಗೆ ಸುಲಭವಾದ ಉತ್ತರವಿರಲಿಲ್ಲ.

ಇನ್ನೊಂದು ಪಕ್ಷದ ಯೋಚನೆಯು ಊರಿನ ದಕ್ಷಿಣಕ್ಕಿರುವ ಮಜಾರ್ಗ್ ಎಂಬಲ್ಲಿ ಬಂದಿತು. ಅಲ್ಲಿ ಯುದ್ಧದಲ್ಲಿ ಮಡಿದವರ ಸ್ಮಶಾನವುಂಟು. ೧೯೧೪ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತದ ಸೈನ್ಯವು ಮೊದಲು ಇಳಿದುದು ಈ ಮಾರ್ಸೇಲ್ಸ್ ಬಂದರಿನಲ್ಲಿಯೇ. ಪಂಜಾಬ, ಗಢವಾಲ, ನೇಪಾಳಗಳ ತರುಣರು ಇಲ್ಲಿಂದ ಉತ್ತರದ ಕೆಸರಿನ ಕಂದಕಗಳಿಗೆ ಹೋಗಿ ಆ ಚಳಿಗಾಲವನ್ನು ಕಳೆದರು. ಗಾಯಗೊಂಡೂ ರೋಗದಿಂದಲೂ ಇಲ್ಲಿ ತೀರಿಕೊಂಡ ಹಿಂದೂ ಸಿಖ್ಖರ ದೇಹಗಳನ್ನು ಅವರವರ ಧರ್ಮದಂತೆ ದಹನ ಮಾಡಿದರು. ಅವರ ನೆನಪಿಗಾಗಿ ಕಟ್ಟಿದ ಸ್ಮಾರಕವು ಆ ಸ್ಮಶಾನದಲ್ಲಿದೆ. ಹುಲ್ಲನ್ನು ಸಮನಾಗಿ ಕತ್ತರಿಸಿ ಎಲ್ಲವನ್ನೂ ಚೊಕ್ಕಟವಾಗಿ ಇಟ್ಟಿದ್ದಾರೆ. ಗೌರವಕ್ಕೆ ಯಾವ ಕೊರತೆಯೂ ಇಲ್ಲ. ಆದರೂ ಅಲ್ಲಿ ನಿಂತಾಗ, ನನ್ನ ವಯಸ್ಸಿನವರು ಮನೆಯನ್ನು ಬದಲಾಯಿಸುವುದೆಂದರೆ ಕೊನೆಯುಸಿರಿನ ಊರನ್ನೂ ಬದಲಾಯಿಸುವುದೆಂಬುದು ನನಗೆ ನಿಚ್ಚಳವಾಯಿತು. ನಮ್ಮ ಯಜಮಾನರ ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಟ್ಟಿದ್ದೇವೆ. ನನ್ನದೂ ಅಲ್ಲಿಯೇ ಸೇರಬೇಕೆಂಬ ಆಸೆಯು ಶಾಸ್ತ್ರಕ್ಕಾಗಿಯಲ್ಲ, ಜೊತೆಗಾಗಿ. ಇದನ್ನು ಮಗಳೆದುರಿಗೆ ಬಾಯಿಬಿಟ್ಟು ಹೇಳುವುದು ಹೇಗೆಂಬುದೇ ತಿಳಿಯದಾಯಿತು.

ಫೆಬ್ರವರಿ ೨ನೆಯ ತಾರೀಖು ದೀಪದ ಹಬ್ಬ. ಬೆಳಗಿನ ಜಾವದ ಕತ್ತಲೆಯಲ್ಲಿ ಹಳೆಯ ಬಂದರಿನಿಂದ ಸೇಂಟ್ ವಿಕ್ಟರ್ ಎಂಬ ಪುರಾತನ ಮಠದವರೆಗೆ ಜನರು ಹಸುರು ಬತ್ತಿಗಳನ್ನು ಹಿಡಿದು ಮೆರವಣಿಗೆ ಹೋಗುತ್ತಾರೆ. ನೆಲಮಾಳಿಗೆಯಲ್ಲಿರುವ ಕಪ್ಪು ಮೇರಿಯ ವಿಗ್ರಹವನ್ನು ಹೊರಗೆ ತರುತ್ತಾರೆ. ಪಕ್ಕದ ಬೀದಿಯಲ್ಲಿ ೧೭೮೧ರಿಂದ ಇರುವ ಒಲೆಯಲ್ಲಿ ದೋಣಿಯ ಆಕಾರದ ಗಟ್ಟಿ ಬಿಸ್ಕತ್ತುಗಳನ್ನು ಬೇಯಿಸಿ ಮಾರುತ್ತಾರೆ. ಆ ಬತ್ತಿಯನ್ನೂ ಆ ದೋಣಿಯನ್ನೂ ವರ್ಷವೆಲ್ಲ ಮನೆಯಲ್ಲಿಟ್ಟುಕೊಂಡರೆ ಕ್ಷೇಮವೆಂದು ನಂಬಿಕೆ. ಅಂದಿನ ದಿನ ಮಗಳು ಸಾಂತೋನ್‌ಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಬರಿದಾದ ಹಲಗೆಯನ್ನು ನೋಡುತ್ತಿದ್ದ ನಾನು ಎದ್ದು ಹೋಗಿ ಪಟ್ಟದ ಗೊಂಬೆಗಳನ್ನು ತಂದು ಅದರ ಮೇಲೆ ಇಟ್ಟೆನು.

ಮಗಳ ಮುಖ ಅರಳಿತು. "ಅಮ್ಮ, ಹಾಗಾದರೆ ಇಲ್ಲೇ ಇದ್ದುಬಿಡುತ್ತೀಯಾ?" ಎಂದಳು.

"ಇವು ಇರುತ್ತವೆ, ನಾನು ಹೋಗಿ ಬರುತ್ತೇನೆ" ಎಂದೆನು.

ಆಮೇಲೆ ಇಬ್ಬರೂ ಬಹಳ ಹೊತ್ತು ಮಾತನಾಡಿದೆವು. ಕಾವೇರಿಯ ಮಾತನ್ನೂ ಹೇಳಿದೆನು. ಅವಳು ಅತ್ತಳು, ಸ್ವಲ್ಪ ಸಿಟ್ಟೂ ಮಾಡಿದಳು. "ಮತ್ತೆ ಬಿದ್ದರೆ ಎತ್ತುವವರು ಯಾರು?" ಎಂಬ ಪ್ರಶ್ನೆಗೆ ಭಾವನೆಯಿಂದ ಉತ್ತರ ಕೊಡಲಾಗುವುದಿಲ್ಲ. ಆದ್ದರಿಂದ ಕಾಗದ ತೆಗೆದುಕೊಂಡು ಬರೆದಿಟ್ಟೆವು: ಮನೆಯ ಮುಂದಿನ ಎರಡು ಕೋಣೆಗಳನ್ನು ಒಳ್ಳೆಯ ಸಂಸಾರವೊಂದಕ್ಕೆ ಬಾಡಿಗೆಗೆ ಕೊಡುವುದು, ಬಾವಿಕಟ್ಟೆಗೆ ಒರಟು ಕಲ್ಲು ಹಾಸಿಸಿ ಹಿಡಿಕಂಬಿ ಹಾಕಿಸುವುದು, ಕಾಲು ನಡೆಯುವವರೆಗೆ ಪ್ರತಿ ಚಳಿಗಾಲವೂ ನಾನು ಮಾರ್ಸೇಲ್ಸಿಗೆ ಬರುವುದು, ಜುಲೈ ಆಗಸ್ಟುಗಳ ಶಾಲೆಯ ರಜೆಯಲ್ಲಿ ಮಗುವು ಮೈಸೂರಿಗೆ ಬಂದು ನನ್ನೊಡನೆ ಇರುವುದು, ನವರಾತ್ರಿಯಲ್ಲಿ ಗೊಂಬೆ ಕೂರಿಸುವುದು ಇನ್ನು ಮುಂದೆ ಮಗಳ ಪಾಲಿನ ಕೆಲಸ. ಅಳಿಯಂದಿರು ಅದನ್ನು ಎರಡು ಸಲ ಓದಿ, "ಅತ್ತೆ, ಹಿಡಿಕಂಬಿಯನ್ನು ನೀವು ಊರಿಗೆ ಹೋದ ವಾರದಲ್ಲಿಯೇ ಹಾಕಿಸಬೇಕು" ಎಂದು ಹೇಳಿ ಒಪ್ಪಿದರು.

ಮಕ್ಕಳು ಕರೆದಾಗ ಹೋಗಿ ನೆಲೆಸಿದ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಹೋಗದೆ ಉಳಿದವರೂ ಇದ್ದಾರೆ. ಯಾರ ದಾರಿ ಸರಿಯೆಂದು ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ಒಂದು ಊರಿನಲ್ಲಿ ಅದರ ಕಷ್ಟದ ಕಾಲವನ್ನು ಕಳೆದು ನೋಡದೆ ಅಲ್ಲಿ ಬಾಳುವ ವಿಷಯವನ್ನು ನಿರ್ಣಯಿಸಬಾರದೆಂದಷ್ಟೇ ನಾನು ಹೇಳಬಲ್ಲೆನು. ಬೇಸಗೆಯಲ್ಲಿ ಎಲ್ಲ ಊರುಗಳೂ ಅತಿಥಿಗೆ ನಗುಮುಖವನ್ನೇ ತೋರಿಸುತ್ತವೆ.

ಈಗ ಮುಂದಿನ ಕೋಣೆಗಳಿಗೆ ಉಪಾಧ್ಯಾಯ ದಂಪತಿಗಳು ಬಂದಿದ್ದಾರೆ. ಕಂಬಿಯನ್ನೂ ಹಾಕಿಸಿ ಆಗಿದೆ. ಕೆಳಗಿನ ಮನೆಯ ವೃದ್ಧೆಯು ಹೊರಡುವಾಗ ನನ್ನ ಕೈಯಲ್ಲಿಟ್ಟ ಹೆಬ್ಬೆರಳುದ್ದದ 'ರವೀ' ಗೊಂಬೆಯು ನಮ್ಮ ಗೂಡಿನಲ್ಲಿ ಕೈಯೆತ್ತಿಕೊಂಡು ನಿಂತಿದೆ. ಭಾನುವಾರದ ದೂರವಾಣಿಯಲ್ಲಿ ಮೊಮ್ಮಗಳು ಮೊದಲು ಅವನ ಯೋಗಕ್ಷೇಮವನ್ನು ಕೇಳಿ ಆಮೇಲೆ ನನ್ನದನ್ನು ಕೇಳುತ್ತಾಳೆ, ಎರಡನ್ನೂ ಕನ್ನಡದಲ್ಲಿಯೇ. ಡಿಸೆಂಬರ್ ೪ಕ್ಕೆ ಮೂರು ತಟ್ಟೆಗಳಲ್ಲಿ ಗೋಧಿ ಬಿತ್ತುವಾಗ ಒಂದು ತಟ್ಟೆಯನ್ನು ಅಜ್ಜಿಗಾಗಿ ಬಿಟ್ಟಿರುವಳಂತೆ. ಆ ದಿನಕ್ಕೆ ಸರಿಯಾಗಿ ನಾನು ಅಲ್ಲಿರಬೇಕೆಂದು ಅಪ್ಪಣೆಯಾಗಿದೆ.